ನೆಲದಿಂದ ಎದ್ದು ನಿಲ್ಲುವ ಶಕ್ತಿ: ಅರವತ್ತು ದಾಟಿದ ಕಲಬುರಗಿ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ವಯಸ್ಸಾದವರ ವ್ಯಾಯಾಮ ಎಂದರೆ ವಾಕಿಂಗ್, ಅಷ್ಟೇ. ಸಾರ್ವಜನಿಕ ಉದ್ಯಾನದಲ್ಲಿ ನಾಲ್ಕು ಸುತ್ತು ಹಾಕಿ, ಕಟ್ಟೆಯ ಮೇಲೆ ಕುಳಿತು ರಾಜಕೀಯ ಮಾತನಾಡಿ, ಚಹಾ ಕುಡಿದು, ಆಸೆ ತಡೆಯದಿದ್ದರೆ ಒಂದು ಪ್ಲೇಟು ಸುಸಲಾ-ಮಿರ್ಚಿ ತಿಂದು ಮನೆಗೆ ಬಂದರೆ ಆ ದಿನದ ಲೆಕ್ಕ ಮುಗಿಯಿತು. ನಡೆಯುವುದು ತಪ್ಪಲ್ಲ, ನಡೆಯಲೇಬೇಕು. ಆದರೆ ಹೀಗೆ ವರ್ಷಗಟ್ಟಲೆ ನಡೆಯುತ್ತಿರುವ ಅನೇಕರಿಗೆ ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಲು ಆಗುವುದಿಲ್ಲ. ಕುಳಿತರೆ ಎಬ್ಬಿಸಲು ಇಬ್ಬರು ಬೇಕು.

ಮುಪ್ಪಿನಲ್ಲಿ ಮೊದಲು ಕೈಕೊಡುವುದು ತೊಡೆ. ನಲವತ್ತರ ಆಸುಪಾಸಿನಿಂದಲೇ ಸ್ನಾಯು ಸವೆಯತೊಡಗುತ್ತದೆ, ಅರವತ್ತರ ನಂತರ ಆ ಇಳಿತ ಚುರುಕಾಗುತ್ತದೆ. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಇನ್ನೂ ಬೇಗ ಕುಗ್ಗುತ್ತದೆ. ತೊಡೆಯ ಬಲ ಹೋದವರಿಗೆ ಹೊರಸಿನಿಂದ ಏಳುವುದು, ಶೌಚಕ್ಕೆ ಹೋಗಿ ಬರುವುದು, ಬಸ್ಸಿನ ಮೆಟ್ಟಿಲು ಹತ್ತುವುದು ಎಲ್ಲವೂ ಇನ್ನೊಬ್ಬರ ಹಂಗಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆದರೆ ಈ ಬಲ ಉಳಿಯುವುದಿಲ್ಲ. ಅಂಥ ನಡಿಗೆಗೆ ತೊಡೆ ತನ್ನ ಶಕ್ತಿಯ ಸ್ವಲ್ಪ ಪಾಲನ್ನಷ್ಟೇ ಖರ್ಚು ಮಾಡುತ್ತದೆ.

ಹೋದ ಬಲ ಮರಳಿ ಬರುತ್ತದೆಯೇ? ಬರುತ್ತದೆ. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ, ಆರೈಕೆ ಕೇಂದ್ರದಲ್ಲಿದ್ದ ತೊಂಬತ್ತರ ಆಸುಪಾಸಿನ ಕೆಲವರಿಗೆ ಎಂಟು ವಾರ ಕಾಲುಗಳಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತಕ್ಕೆ ಆಗುವುದು ಅರವತ್ತೆಂಟಕ್ಕೆ ಆಗದೇ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಅರವತ್ತೈದು ದಾಟಿದವರಿಗೆ ಮೂರು ಮಾತು ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲನದ ಅಭ್ಯಾಸ. ಮೊದಲನೆಯದನ್ನು ನಾವು ಅರ್ಧಂಬರ್ಧ ಮಾಡುತ್ತೇವೆ, ಉಳಿದೆರಡರ ಗೊಡವೆಗೇ ಹೋಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ನಡಿಗೆಗಿಂತ ಅವೆರಡಕ್ಕೆ ಹೆಚ್ಚು ಜಾಗ.

ಮೊದಲ ಹೆಜ್ಜೆ: ಮನೆಯಲ್ಲೇ ಅಳೆದು ನೋಡಿ

ಮಗನನ್ನೋ ಸೊಸೆಯನ್ನೋ ಮೊಮ್ಮಗಳನ್ನೋ ಮೊಬೈಲ್ ಹಿಡಿದು ಪಕ್ಕದಲ್ಲಿ ನಿಲ್ಲಲು ಹೇಳಿ. ಮೂರು ಪರೀಕ್ಷೆಗಳಿವೆ. ಒಬ್ಬರೇ ಇದ್ದಾಗ ಮಾಡಬೇಡಿ.

ಒಂದನೆಯದು ಕುರ್ಚಿಯದು. ಸುಮಾರು ಹದಿನೇಳು ಅಂಗುಲ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಫರಸಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಅದು ಬೇಡ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಪೂರ್ತಿ ಕೂರಲು ಆಗುತ್ತದೆ ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯ ಪ್ರಕಾರ 65ರಿಂದ 69ರ ವಯಸ್ಸಿನಲ್ಲಿ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲು ದುರ್ಬಲ ಎಂದು ಲೆಕ್ಕ. 70ರಿಂದ 74ಕ್ಕೆ 12 ಮತ್ತು 10, 75ರಿಂದ 79ಕ್ಕೆ 11 ಮತ್ತು 10, 80ರಿಂದ 84ಕ್ಕೆ 10 ಮತ್ತು 9. ಕೈ ಊರದೆ ಒಮ್ಮೆಯೂ ಏಳಲು ಆಗದಿದ್ದರೆ ಸೊನ್ನೆ ಬರೆದುಕೊಳ್ಳಿ. ಅಲ್ಲಿಂದಲೂ ಮೇಲೆ ಬರಬಹುದು. ಅವು ಅಮೆರಿಕದವರ ಅಂಕಿಗಳು ಎಂಬುದು ನೆನಪಿರಲಿ. ಪಕ್ಕದ ಮನೆಯವರ ಸಂಖ್ಯೆಗಿಂತ ನಿಮ್ಮದೇ ಸಂಖ್ಯೆ ಮೂರು ತಿಂಗಳಲ್ಲಿ ಏರಿತೋ ಇಲ್ಲವೋ ಎಂಬುದು ಮುಖ್ಯ.

ಎರಡನೆಯದು: ಅದೇ ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಿ. ಎಂದಿನ ವೇಗವೇ ಸಾಕು. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ.

ಮೂರನೆಯದು ಸಮತೋಲನ. ಗೋಡೆಯ ಪಕ್ಕ ನಿಂತು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸಿ, ಯಾವುದನ್ನೂ ಹಿಡಿಯದೆ ಹತ್ತು ಸೆಕೆಂಡು ನಿಲ್ಲಿ. ಆಗದಿದ್ದರೆ ನಿಮ್ಮ ಅಭ್ಯಾಸ ಸಮತೋಲನದಿಂದಲೇ ಶುರುವಾಗಲಿ.

ಮೂರೂ ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಂದಿನ ತಾರೀಖಿನ ಮನೆಯೊಳಗೆ ಬರೆದಿಡಿ.

ವೈದ್ಯರನ್ನು ಕೇಳಿ ಶುರು ಮಾಡಬೇಕಾದವರು

ಎಲ್ಲರೂ ಕೇಳಬೇಕಿಲ್ಲ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಲಕ್ವ ಹೊಡೆದವರು, ಇತ್ತೀಚೆಗೆ ಮೊಣಕಾಲು ಅಥವಾ ಸೊಂಟದ ಕೀಲು ಬದಲಿಸಿಕೊಂಡವರು, ಕಳೆದ ಒಂದು ವರ್ಷದಲ್ಲಿ ಬಿದ್ದವರು, ನಡೆಯುವಾಗ ಎದೆ ಹಿಡಿದಂತಾಗುವವರು ಕೇಳಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಉಚಿತ. ಹೋದಾಗ ಒಂದು ಕೆಲಸ ಕೇಳಿ ಮಾಡಿಸಿಕೊಳ್ಳಿ: ಮಲಗಿದಾಗ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ರಕ್ತದೊತ್ತಡ ನೋಡಲು ಹೇಳಿ. ಮೇಲಿನ ಅಂಕಿ ಇಪ್ಪತ್ತು ಅಥವಾ ಹೆಚ್ಚು ಇಳಿದರೆ, ನೀವು ಬೆಳಿಗ್ಗೆ ಎದ್ದೊಡನೆ ತಲೆ ತಿರುಗಿ ಬೀಳುವ ಸಾಲಿನವರು. ಮಾತ್ರೆಯ ಪ್ರಮಾಣವೋ ಹೊತ್ತೋ ಬದಲಾಗಬೇಕಾಗಬಹುದು, ಆದರೆ ಅದನ್ನು ವೈದ್ಯರೇ ಮಾಡಬೇಕು. ಕಣ್ಣಿನ ಪೊರೆಯನ್ನು ಮುಂದೂಡುತ್ತಾ ಬಂದಿದ್ದರೆ ಇನ್ನು ಮುಂದೂಡಬೇಡಿ. ಮೆಟ್ಟಿಲು ಕಾಣದವರಿಗೆ ಯಾವ ವ್ಯಾಯಾಮವೂ ಕಾವಲಿಲ್ಲ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷಗಳಿಂದ ತಿನ್ನುತ್ತಿರುವವರು, ಮೊಟ್ಟೆ-ಮಾಂಸ ಮುಟ್ಟದವರು ಬಿ12 ಜೀವಸತ್ವದ ಮಟ್ಟವನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು. ಅದು ಕಡಿಮೆಯಾದರೆ ಪಾದ ಜೋಮು ಹಿಡಿದು ನೆಲದ ಅರಿವೇ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಕುರ್ಚಿಯಿಂದ ಏಳುವ ಅಭ್ಯಾಸ

ಈ ಬರಹದಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನೇ ಮಾಡಿ.

ಗೋಡೆಗೆ ಒತ್ತಿಟ್ಟ ಕುರ್ಚಿಯ ಮುಂದಿನ ಅಂಚಿಗೆ ಸರಿದು ಕೂರಿ. ಪೂರ್ತಿ ಹಿಂದಕ್ಕೆ ಒರಗಿ ಕುಳಿತವರು ಏಳಲಾರರು, ಏಳಲು ಒದ್ದಾಡಿ ಸೊಂಟ ಹಿಡಿಸಿಕೊಳ್ಳುತ್ತಾರೆ. ಎರಡೂ ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಪಾದಗಳ ನಡುವೆ ಒಂದು ಗೇಣು ಅಂತರವಿರಲಿ. ಈಗ ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ. ಬಾಗುವುದು ಸೊಂಟದಿಂದ, ಬೆನ್ನು ಗೂನಾಗಬಾರದು. ಹಿಮ್ಮಡಿಯಿಂದ ನೆಲವನ್ನು ಒತ್ತುತ್ತಾ, ಬಾಯಿಯಿಂದ ಉಸಿರು ಬಿಡುತ್ತಾ ಏಳಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ, ಆದ್ದರಿಂದ ಏಳುವಾಗ ಬಾಯಲ್ಲಿ ಎಣಿಕೆ ಇರಲಿ. ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಪೂರ್ತಿ ನೆಟ್ಟಗೆ ನಿಂತ ಮೇಲೆ ಒಂದು ಕ್ಷಣ ತಡೆಯಿರಿ.

ಅಸಲು ಕೆಲಸ ಇರುವುದು ಕೂರುವುದರಲ್ಲಿ. ಹೆಚ್ಚಿನವರು ಅರ್ಧ ದಾರಿಯಲ್ಲಿ ತೊಡೆ ಸಡಿಲ ಬಿಟ್ಟು ಧೊಪ್ಪೆಂದು ಬೀಳುತ್ತಾರೆ. ಹಾಗೆ ಬೀಳುವುದು ಬೆನ್ನುಮೂಳೆಗೂ ಒಳ್ಳೆಯದಲ್ಲ, ಅದರಿಂದ ತೊಡೆಗೂ ಏನೂ ಸಿಗುವುದಿಲ್ಲ. ಒಂದು, ಎರಡು, ಮೂರು ಎಂದು ಎಣಿಸುತ್ತಾ ಇಳಿಯಿರಿ. ಮೂರು ಮುಗಿಯುವವರೆಗೆ ಕುರ್ಚಿ ಮೈಗೆ ತಾಗಬಾರದು. ಎಂಟು ಸಲ ಮಾಡಿ, ಎರಡು ನಿಮಿಷ ಕೂತು, ಮತ್ತೆ ಎಂಟು ಸಲ. ಕೊನೆಯ ಎರಡು ಸಲಕ್ಕೆ ತೊಡೆ ಬಿಸಿಯಾಗಿ ಸಣ್ಣಗೆ ನಡುಗಬೇಕು. ನಡುಗದಿದ್ದರೆ ಅದು ನಿಮಗೆ ಹಗುರ, ನಡುಗಿ ಮೊಣಕಾಲು ಕುಸಿದರೆ ಅದು ನಿಮಗೆ ಭಾರ.

ಭಾರವಾದವರು ಕುರ್ಚಿಯ ಮೇಲೆ ದಪ್ಪ ಗಾದಿಯನ್ನೋ ಮಡಚಿದ ಕೌದಿಯನ್ನೋ ಹಾಕಿ ಎತ್ತರ ಮಾಡಿಕೊಳ್ಳಿ, ಬೇಕಿದ್ದರೆ ಕೈಯನ್ನೂ ಊರಿ. ಎರಡು ವಾರಕ್ಕೊಮ್ಮೆ ಒಂದು ಮಡಿಕೆ ಕಡಿಮೆ ಮಾಡಿ. ಹಗುರವಾದವರು ಒಂದು ಕಿಲೋ ತೊಗರಿ ಬೇಳೆಯ ಪೊಟ್ಟಣವನ್ನು ಎದೆಗೆ ಅವಚಿಕೊಂಡು ಮಾಡಿ, ಆಮೇಲೆ ಎರಡು ಕಿಲೋ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವಿರಲಿ. ಮರುದಿನ ತೊಡೆ ನೊಂದರೆ ಗಾಬರಿ ಬೇಡ, ಎರಡು ದಿನದಲ್ಲಿ ಹೋಗುತ್ತದೆ. ಮೊಣಕಾಲಿನ ಕೀಲೊಳಗೆ ನೊಂದರೆ, ಅಥವಾ ಕೀಲು ಬಾತುಕೊಂಡರೆ, ಸಂಖ್ಯೆ ಅರ್ಧಕ್ಕೆ ಇಳಿಸಿ.

ಮೂರನೆಯ ಹೆಜ್ಜೆ: ಜೊತೆಗೆ ನಾಲ್ಕು ವ್ಯಾಯಾಮ

ಗೋಡೆಗೆ ದಂಡ: ಗೋಡೆಯಿಂದ ಒಂದು ತೋಳಿನ ದೂರ ನಿಂತು, ಎದೆಯ ಮಟ್ಟದಲ್ಲಿ ಅಂಗೈ ಊರಿ, ಮೊಣಕೈ ಮಡಚುತ್ತಾ ಎದೆಯನ್ನು ಗೋಡೆಯ ಹತ್ತಿರ ತಂದು ತಳ್ಳಿ. ಹತ್ತು ಸಲ. ಬಿದ್ದಾಗ ನೆಲಕ್ಕೆ ಕೈ ಊರಿ ಏಳುವುದು ಇದೇ ಬಲದಿಂದ.

ಹಿಮ್ಮಡಿ ಎತ್ತುವುದು: ಅಡುಗೆ ಕಟ್ಟೆಯನ್ನು ಹಿಡಿದು ನಿಂತು, ಎರಡೂ ಹಿಮ್ಮಡಿ ಎತ್ತಿ, ಮೂರು ಎಣಿಸಿ ಇಳಿಸಿ. ಹಾಲು ಉಕ್ಕುವುದನ್ನು ಕಾಯುವ ಹೊತ್ತಿನಲ್ಲೇ ಹದಿನೈದು ಸಲ ಆಗಿಬಿಡುತ್ತದೆ.

ಕಾಲನ್ನು ಪಕ್ಕಕ್ಕೆ ಎತ್ತುವುದು: ಅದೇ ಕಟ್ಟೆ ಹಿಡಿದು, ಮೈ ವಾಲಿಸದೆ ಒಂದು ಕಾಲನ್ನು ಪಕ್ಕಕ್ಕೆ ಒಂದು ಗೇಣು ಎತ್ತಿ ಇಳಿಸಿ. ಒಂದೊಂದು ಕಾಲಿಗೆ ಹತ್ತು. ನಡೆಯುವಾಗ ಅತ್ತಿತ್ತ ಓಲಾಡುವವರಿಗೆ ಇದು ಬೇಕೇ ಬೇಕು.

ಹೊರುವುದು: ಎರಡು ಕೈಯಲ್ಲಿ ಎರಡು ಚೀಲ, ಒಂದೊಂದರಲ್ಲಿ ಎರಡು ಕಿಲೋ. ಭುಜ ಇಳಿಬಿಡದೆ ಅಂಗಳದಲ್ಲಿ ಎರಡು ನಿಮಿಷ ನಡೆಯಿರಿ. ಸಂತೆಗೆ ಹೋಗುವವರಾದರೆ ಕಾಯಿಪಲ್ಯೆಯ ಚೀಲವನ್ನು ಮೊಮ್ಮಗನಿಗೆ ಕೊಡದೆ ಸ್ವಲ್ಪ ದೂರ ನೀವೇ ಹಿಡಿದು ಬನ್ನಿ.

ಹೆಂಗಸರಲ್ಲಿ ಒಂದು ಮಾತು. ದಿನಾ ರೊಟ್ಟಿ ಬಡಿಯುವವರ ಕೈ, ಭುಜ ಗಟ್ಟಿಯಾಗಿರುತ್ತವೆ, ಅನುಮಾನವಿಲ್ಲ. ಆದರೆ ಒಲೆ ನೆಲದಿಂದ ಕಟ್ಟೆಗೆ ಏರಿದಾಗ ಕಾಲಿನ ಕೆಲಸ ನಿಂತಿತು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ದಿನಕ್ಕೆ ಹತ್ತಾರು ಸಲ ಏಳುತ್ತಿದ್ದ ಆಯಿಯ ತೊಡೆ ಇಂದಿನ ಅರವತ್ತರ ಸೊಸೆಗೆ ಇಲ್ಲ. ಹೊಗೆಯ ಒಲೆಗೆ ಮರಳಿ ಎಂದು ಹೇಳುತ್ತಿಲ್ಲ. ಹೋದ ಕೆಲಸದ ಬದಲಿಗೆ ಕುರ್ಚಿಯ ಅಭ್ಯಾಸ ಸೇರಿಸಿ ಎನ್ನುತ್ತಿದ್ದೇನೆ.

ನಾಲ್ಕನೆಯ ಹೆಜ್ಜೆ: ಸಮತೋಲನ, ಫರಸಿಯ ಗೆರೆಯ ಮೇಲೆ

ಶಹಾಬಾದ್, ಸೇಡಂ ಕಡೆಯ ಕಲ್ಲು ಹಾಸಿದ ಮನೆಯಲ್ಲಿ ಇರುವವರಿಗೆ ಸಮತೋಲನ ಕಲಿಯಲು ಬೇರೆ ಸಾಮಾನು ಬೇಕಿಲ್ಲ. ಎರಡು ಫರಸಿಗಳು ಕೂಡುವ ಗೆರೆಯೇ ದಾರಿ. ಗೋಡೆಯ ಪಕ್ಕದ ಗೆರೆಯನ್ನು ಆರಿಸಿಕೊಂಡು, ಒಂದು ಕೈಯ ಬೆರಳ ತುದಿ ಗೋಡೆಗೆ ತಾಗಿರುವಂತೆ, ಹಿಮ್ಮಡಿಗೆ ಬೆರಳು ಹಚ್ಚಿ ಹಚ್ಚಿ ನಡೆಯಿರಿ. ಕಣ್ಣು ಪಾದದ ಮೇಲಲ್ಲ, ಎದುರಿನ ಗೋಡೆಯ ಮೇಲಿರಲಿ. ಹತ್ತು ಹೆಜ್ಜೆ ಹೋಗಿ, ನಿಧಾನ ತಿರುಗಿ, ಬನ್ನಿ. ನೆಲ ಒಣಗಿರಬೇಕು, ಕಾಲಿಗೆ ಸಾಕ್ಸ್ ಇರಬಾರದು.

ಒಂಟಿಗಾಲಿನಲ್ಲಿ ನಿಲ್ಲುವುದನ್ನು ಬಾಗಿಲ ಚೌಕಟ್ಟು ಹಿಡಿದು ಶುರು ಮಾಡಿ. ಮೊದಲು ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಒಂದೇ ಬೆರಳು. ಬೆರಳೂ ಬಿಟ್ಟು ಹತ್ತು ಸೆಕೆಂಡು ನಿಲ್ಲುವ ಹೊತ್ತಿಗೆ ತಿಂಗಳುಗಳೇ ಬೇಕಾಗಬಹುದು, ಅವಸರ ಬೇಡ. ಸಮತೋಲನದ ಅಭ್ಯಾಸವನ್ನು ದಿನಾ ಐದು ನಿಮಿಷ ಮಾಡಿದರೂ ನಡೆಯುತ್ತದೆ, ಇದಕ್ಕೆ ಬಿಡುವಿನ ದಿನ ಬೇಕಿಲ್ಲ.

ಐದನೆಯ ಹೆಜ್ಜೆ: ನೆಲಕ್ಕೆ ಇಳಿದು ಏಳುವುದು

ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಲಿಲ್ಲ. ಊಟ, ಪೂಜೆ, ಹರಟೆ ಎಲ್ಲವೂ ನೆಲದ ಮೇಲಿತ್ತು. ದಿನಕ್ಕೆ ಐದು ಹೊತ್ತು ನಮಾಜು ಮಾಡುವ ಮುಸ್ಲಿಂ ಹಿರಿಯರಲ್ಲಿ ಈ ಶಕ್ತಿ ಬಹಳ ಕಾಲ ಉಳಿದಿರುವುದನ್ನು ಗಮನಿಸಿದ್ದೇನೆ. ಬಾಗಿ, ಹಣೆ ನೆಲಕ್ಕೆ ತಾಗಿಸಿ, ಮತ್ತೆ ಏಳುವುದು ಅವರ ನಿತ್ಯದ ಪಾಠ. ಡೈನಿಂಗ್ ಟೇಬಲ್, ಸೋಫಾ, ಕಮೋಡ್ ಮೂರೂ ಮನೆಗೆ ಬಂದ ಮೇಲೆ ಅರವತ್ತೈದರ ಒಬ್ಬರು ವಾರಗಟ್ಟಲೆ ನೆಲ ಮುಟ್ಟದೆ ಇರಬಹುದು. ಹಾಗಿರುವಾಗ ಒಂದು ದಿನ ಬಿದ್ದರೆ, ಪೆಟ್ಟಾಗದಿದ್ದರೂ ಏಳಲಾಗದೆ ಗಂಟೆಗಟ್ಟಲೆ ಅಲ್ಲೇ ಬಿದ್ದಿರಬೇಕಾಗುತ್ತದೆ.

ಜಮಖಾನೆ ಹಾಸಿ, ಪಕ್ಕದಲ್ಲಿ ಗಟ್ಟಿ ಕುರ್ಚಿ ಇಟ್ಟು, ಮನೆಯವರೊಬ್ಬರನ್ನು ಹತ್ತಿರ ಇರಿಸಿಕೊಂಡು ಕಲಿಯಿರಿ. ಕುಳಿತಲ್ಲಿಂದ ಒಂದು ಮಗ್ಗುಲಿಗೆ ತಿರುಗಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಿ. ಮೊಣಕಾಲುಗಳ ಮೇಲೆ ಬನ್ನಿ. ಕೂಸು ಅಂಬೆಗಾಲಿಡುವಂತೆ ಕುರ್ಚಿಯವರೆಗೆ ಸರಿಯಿರಿ. ಕುರ್ಚಿಯ ಮೇಲೆ ಎರಡೂ ಕೈ ಇಟ್ಟು, ಗಟ್ಟಿಯಾದ ಕಾಲಿನ ಪಾದವನ್ನು ಮುಂದೆ ತಂದು ನೆಲಕ್ಕೆ ಪೂರ್ತಿ ಊರಿ. ಕೈ ಮತ್ತು ಆ ಕಾಲು ಎರಡನ್ನೂ ಒತ್ತಿ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರಿ. ತಲೆ ತಿರುಗುತ್ತಿಲ್ಲ ಎಂದು ನೋಡಿಕೊಂಡು ಆಮೇಲೆ ನಿಲ್ಲಿ. ಇಳಿಯುವುದೆಂದರೆ ಇದನ್ನೇ ಕೊನೆಯಿಂದ ಮೊದಲಿನವರೆಗೆ ಮಾಡುವುದು. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಮೂರು ಸಲ. ಕೀಲು ಬದಲಿಸಿಕೊಂಡವರು ತಮ್ಮ ಶಸ್ತ್ರವೈದ್ಯರನ್ನು ಕೇಳದೆ ಮೊಣಕಾಲೂರಬಾರದು.

ನಿಜವಾಗಿ ಬಿದ್ದಾಗ ಮಾತ್ರ ಅವಸರದಿಂದ ಏಳಬೇಡಿ. ತೊಡೆಸಂದಿಯಲ್ಲಿ ಜೋರು ನೋವಿದ್ದರೆ, ಒಂದು ಕಾಲು ಗಿಡ್ಡವಾದಂತೆ ಹೊರಕ್ಕೆ ತಿರುಗಿಕೊಂಡಿದ್ದರೆ, ಅಲುಗಾಡದೆ 108ಕ್ಕೆ ಕರೆ ಮಾಡಿಸಿ.

ಆರನೆಯ ಹೆಜ್ಜೆ: ನಡಿಗೆ, ಮತ್ತು ನಮ್ಮ ಬಿಸಿಲು

ಮಾತನಾಡಲು ಬರಬೇಕು, ಹಾಡಲು ಬರಬಾರದು. ನಡಿಗೆಯ ವೇಗಕ್ಕೆ ಇಷ್ಟೇ ಅಳತೆ. ಹತ್ತು ನಿಮಿಷದಿಂದ ಶುರು ಮಾಡಿ ವಾರಕ್ಕೆ ಐದು ನಿಮಿಷ ಏರಿಸುತ್ತಾ ಮೂವತ್ತಕ್ಕೆ ತನ್ನಿ, ವಾರಕ್ಕೆ ಐದು ದಿನ. ಒಮ್ಮೆಲೇ ಮೂವತ್ತು ಆಗದಿದ್ದರೆ ಹತ್ತರಂತೆ ಮೂರು ಹೊತ್ತು. ಸಕ್ಕರೆ ಕಾಯಿಲೆಯವರು ಈ ಹತ್ತನ್ನು ಊಟವಾದ ಮೇಲೆ ಇಟ್ಟುಕೊಂಡರೆ ಊಟದ ನಂತರ ಏರುವ ಸಕ್ಕರೆಗೆ ಲಗಾಮು ಬೀಳುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯೋ ಬೂಟೋ ಇರಲಿ, ಹವಾಯಿ ಚಪ್ಪಲಿ ಬಚ್ಚಲಿಗೂ ಬೇಡ.

ಕಲಬುರಗಿಯಲ್ಲಿ ಸಾರ್ವಜನಿಕ ಉದ್ಯಾನ, ಅಪ್ಪನ ಕೆರೆಯ ಸುತ್ತು, ಬುದ್ಧ ವಿಹಾರದ ಆವರಣ ಎಲ್ಲವೂ ಸರಿಯೇ. ಶರಣಬಸವೇಶ್ವರ ಗುಡಿಯ ಪ್ರದಕ್ಷಿಣೆಯನ್ನೂ ಲೆಕ್ಕಕ್ಕೆ ಹಿಡಿಯಬಹುದು, ಬಿಸಿಲೇರುವ ಮೊದಲು ಹೋದರೆ. ಕಾದ ಕಲ್ಲಿನ ಮೇಲೆ ಬರಿಗಾಲು ಇಟ್ಟರೆ ಸಕ್ಕರೆ ಕಾಯಿಲೆಯವರ ಜೋಮು ಹಿಡಿದ ಪಾದಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಬೀದರಿನವರಿಗೆ ಕೋಟೆಯೊಳಗಿನ ವಿಶಾಲ ದಾರಿಗಳಿವೆ. ಯಾದಗಿರಿಯ ಬೆಟ್ಟದ ಕೋಟೆ ಹತ್ತುವ ಉಮೇದು ಇರುವವರಿಗೆ ಒಂದು ಎಚ್ಚರಿಕೆ: ಉಸಿರು ಹಿಡಿಯುವುದು ಹತ್ತುವಾಗ, ಮೊಣಕಾಲು ನೋಯುವುದೂ ಜನ ಬೀಳುವುದೂ ಇಳಿಯುವಾಗ. ಮೆಟ್ಟಿಲು ಎಲ್ಲೇ ಇರಲಿ, ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಈಗ ಬಿಸಿಲಿನ ಮಾತು. ಬೆಂಗಳೂರು, ಮೈಸೂರಿನವರಿಗೆಂದು ಬರೆದ ವ್ಯಾಯಾಮದ ಪುಸ್ತಕಗಳು ನಮ್ಮಲ್ಲಿ ಮಾರ್ಚಿನಿಂದ ಜೂನ್ ಮಳೆ ಬೀಳುವವರೆಗೆ ನಡೆಯುವುದಿಲ್ಲ. ಪಾದರಸ ನಲವತ್ತೆರಡು ದಾಟುವ ಊರಿನಲ್ಲಿ ಬೆಳಿಗ್ಗೆ ಏಳೂವರೆ ಎಂದರೆ ಆಗಲೇ ಹೊತ್ತು ಮೀರಿದೆ. ಮೇ ತಿಂಗಳಲ್ಲಿ ಐದೂವರೆಗೆ ಹೊರಟು ಆರೂವರೆಯೊಳಗೆ ಮನೆ ಸೇರಿ. ಸಂಜೆ ಆರಕ್ಕೂ ಡಾಂಬರು ಮತ್ತು ಕಲ್ಲಿನ ಗೋಡೆಗಳು ಝಳ ಉಗುಳುತ್ತಿರುತ್ತವೆ, ಆದ್ದರಿಂದ ಆ ದಿನಗಳಲ್ಲಿ ಸಂಜೆಯ ನಡಿಗೆಯನ್ನು ಬಿಟ್ಟು ಮನೆಯೊಳಗಿನ ಪಡಸಾಲೆಯಲ್ಲೇ ಹೆಜ್ಜೆ ಹಾಕಿ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಮಂದವಾಗಿರುತ್ತದೆ. ಬಾಯಾರುವವರೆಗೆ ಕಾಯದೆ ಹೊರಡುವ ಮೊದಲು ಒಂದು ಲೋಟ ನೀರು, ಬಂದ ಮೇಲೆ ಮಜ್ಜಿಗೆಯೋ ಜೋಳದ ಅಂಬಲಿಯೋ ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರು, ಉಪ್ಪು ಕಡಿಮೆ ಮಾಡಿ ಎಂದು ಹೇಳಿಸಿಕೊಂಡವರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಈ ಲೆಕ್ಕ ಬೇರೆ. ಬೇಸಿಗೆ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಬಿಸಿಲಲ್ಲಿದ್ದವರು ಅಸಂಬದ್ಧ ಮಾತನಾಡತೊಡಗಿದರೆ, ಮೈ ಕೆಂಡದಂತೆ ಕಾದರೆ, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 108 ಕರೆಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಚಳಿಗಾಲದಲ್ಲಿ, ಅದರಲ್ಲೂ ಬೀದರಿನಲ್ಲಿ, ಇದು ತಿರುವುಮುರುವು. ಡಿಸೆಂಬರ್, ಜನವರಿಯ ನಸುಕಿನ ಚಳಿ ರಕ್ತದೊತ್ತಡವನ್ನು ಏರಿಸುತ್ತದೆ. ಹೊತ್ತು ಮೂಡಿ, ಬಿಸಿಲು ಹದವಾದ ಮೇಲೆ ಹೊರಡಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಬದುವಿನ ಮೇಲೆ ನಡೆದು ಬರುವುದಿದೆಯಲ್ಲ, ಅದಕ್ಕಿಂತ ಒಳ್ಳೆಯ ಸಮತೋಲನದ ಪಾಠ ಪೇಟೆಯಲ್ಲಿ ಸಿಗದು. ಕೋಲು ಹಿಡಿದು ಹೋಗಲು ನಾಚಿಕೆ ಬೇಡ.

ಮನೆ

ನಯ ಮಾಡಿದ ಫರಸಿಯ ಮೇಲೆ ಸೋಪಿನ ನೀರು ಬಿದ್ದರೆ ಜಟ್ಟಿಯೂ ಜಾರುತ್ತಾನೆ. ಬಚ್ಚಲಿಗೆ ಒರಟು ಕಲ್ಲನ್ನೇ ಹಾಕಿಸಿ, ಇಲ್ಲವೇ ರಬ್ಬರಿನ ಚಾಪೆ ಹಾಸಿ. ಶೌಚಾಲಯದ ಗೋಡೆಗೆ ಹಿಡಿಕೆ ಹಾಕಿಸುವಾಗ ಮೊಳೆ ಹೊಡೆದು ಮುಗಿಸುವುದಲ್ಲ, ಮೈಭಾರ ತಾಳುವಂತೆ ಬೋಲ್ಟ್ ಹಾಕಬೇಕು. ಹಳೆಯ ಮನೆಯ ಎತ್ತರದ ಹೊಸ್ತಿಲಿಗೆ ಎದ್ದುಕಾಣುವ ಬಣ್ಣ ಬಳಿಯಿರಿ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ. ಹಗ್ಗ ಜೋತ ಹೊರಸಿನಿಂದ ಏಳುವುದು ಯಾರಿಗೂ ಕಷ್ಟ, ಅದನ್ನು ಬಿಗಿ ಮಾಡಿಸಿ. ಎಚ್ಚರವಾದೊಡನೆ ದಡಬಡಿಸಿ ಏಳದೆ, ಅಂಚಿಗೆ ಕೂತು ಪಾದಗಳನ್ನು ಮೇಲೆ ಕೆಳಗೆ ಒಂದು ನಿಮಿಷ ಆಡಿಸಿ ಆಮೇಲೆ ನಿಲ್ಲಿ.

ಏಳನೆಯ ಹೆಜ್ಜೆ: ತಟ್ಟೆಯಲ್ಲಿ ಪ್ರೋಟೀನ್

ವ್ಯಾಯಾಮ ಮಾಡಿ ತಿಳಿಸಾರು-ಅನ್ನ ಉಂಡರೆ ಸ್ನಾಯು ಬೆಳೆಯುವುದಿಲ್ಲ. ಆರೋಗ್ಯವಂತ ಹಿರಿಯರಿಗೆ ತಜ್ಞರು ಹೇಳುವ ಲೆಕ್ಕ, ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್. ಅರವತ್ತು ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಇದಕ್ಕೆ ಡಬ್ಬಿಯ ಪುಡಿ ಬೇಕಿಲ್ಲ. 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಈ ಸೀಮೆಯದೇ ಬೆಳೆ ಎಂಬ ಅಧಿಕೃತ ಗುರುತು, ಪಡೆದ ತೊಗರಿ ನಮ್ಮ ಹೊಲದ್ದೇ. ನೂರು ಗ್ರಾಂ ಒಣ ಬೇಳೆಯಲ್ಲಿ ಇಪ್ಪತ್ತೊಂದು ಇಪ್ಪತ್ತೆರಡು ಗ್ರಾಂ ಪ್ರೋಟೀನ್ ಇದೆ. ಎರಡು ಹೊತ್ತಿಗೆ ಸೇರಿ ಅರವತ್ತು ಗ್ರಾಂ ಬೇಳೆ ಬೇಯಿಸಿಕೊಂಡರೆ ಹದಿಮೂರು ಗ್ರಾಂ. ನಾಲ್ಕು ಜೋಳದ ರೊಟ್ಟಿಯಿಂದ ಇಪ್ಪತ್ತರ ಹತ್ತಿರ, ಒಂದು ಹಿಡಿ ಶೇಂಗಾದಿಂದ ಏಳು, ಮಡಕಿ ಅಥವಾ ಹೆಸರು ಕಾಳಿನ ಪಲ್ಯದಿಂದ ಏಳು, ಕಾಲು ಲೀಟರ್ ಹಾಲಿನಿಂದ ಎಂಟು. ತಿನ್ನುವವರಿಗೆ ಒಂದು ಮೊಟ್ಟೆಯಿಂದ ಆರು. ಮೊಟ್ಟೆ ಸೇರಿದರೆ ಮೊತ್ತ ಅರವತ್ತು ದಾಟುತ್ತದೆ, ಸೇರದಿದ್ದರೆ ಐವತ್ತೈದರ ಹತ್ತಿರ ಬರುತ್ತದೆ. ಆದರೆ ಬೇಳೆ ಗಟ್ಟಿಯಾಗಿರಬೇಕು, ತಟ್ಟೆಯಲ್ಲಿ ರೊಟ್ಟಿಗೆ ಅಂಟಬೇಕು.

ಹಿರಿಯರು ತಿನ್ನುವುದನ್ನು ಬಿಡುವುದಕ್ಕೆ ಹಲ್ಲೇ ಕಾರಣ ಎಂಬುದು ಮನೆಯವರಿಗೆ ಹೊಳೆಯುವುದಿಲ್ಲ. ಕಡಕ್ ರೊಟ್ಟಿ, ಕಾಳು, ಶೇಂಗಾ ಅಗಿಯಲಾಗದ ಮುತ್ಯಾ ಸುಮ್ಮನೆ ಅನ್ನ-ಹಾಲಿಗೆ ಇಳಿಯುತ್ತಾನೆ. ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ಮುರಿದು ನೆನೆಸಿ ಕೊಡಿ, ಶೇಂಗಾವನ್ನು ಹಿಂಡಿ ಮಾಡಿ ಮೊಸರಲ್ಲಿ ಕಲಸಿ ಕೊಡಿ, ಝುಣಕವನ್ನು ತೆಳುವಾಗಿ ಮಾಡಿ. ಹಲ್ಲಿನ ಸೆಟ್ ಮಾಡಿಸುವ ಖರ್ಚನ್ನು ವ್ಯಾಯಾಮದ ಖರ್ಚು ಎಂದೇ ಬರೆದುಕೊಳ್ಳಿ.

ವಾರದ ಲೆಕ್ಕ

ಸೋಮವಾರ, ಬುಧವಾರ, ಶುಕ್ರವಾರ ಕುರ್ಚಿ, ಗೋಡೆ, ಹಿಮ್ಮಡಿ, ಪಕ್ಕದ ಕಾಲು, ಚೀಲ, ನೆಲದ ಅಭ್ಯಾಸ: ಒಟ್ಟು ಇಪ್ಪತ್ತೈದು ನಿಮಿಷ. ನಡಿಗೆ ವಾರಕ್ಕೆ ಐದು ದಿನ. ಫರಸಿಯ ಗೆರೆ ದಿನವೂ. ಮೊದಲ ಎರಡು ವಾರ ಎಲ್ಲವೂ ಒಂದೇ ಸುತ್ತು, ಮೂರನೆಯ ವಾರದಿಂದ ಎರಡು ಸುತ್ತು, ಏಳನೆಯ ವಾರದಿಂದ ಭಾರ ಸೇರಿಸಿ. ಹನ್ನೆರಡನೆಯ ವಾರ ಮೊದಲಿನ ಮೂರು ಪರೀಕ್ಷೆ ಮತ್ತೆ ಮಾಡಿ, ಕ್ಯಾಲೆಂಡರಿನ ಹಳೆಯ ಅಂಕಿಯ ಜೊತೆ ಹೋಲಿಸಿ. ಸಕ್ಕರೆ ಇಳಿಸಲು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು, ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಬೇಕು. ಎದೆ ಬಿಗಿದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಣ್ಣನೆಯ ಬೆವರು ಬಂದರೆ ಅಲ್ಲೇ ನಿಲ್ಲಿಸಿ. ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತಾ ಕೂರದೆ 108 ಕರೆಯಿರಿ.

ಮೊಣಕಾಲು ಸವೆದಿದೆ, ನಡೆದರೆ ಇನ್ನೂ ಸವೆಯುತ್ತದೆ ಎಂದು ಕೂತವರು ಬಹಳ ಜನ. ಕೀಲು ಸವೆದವರಿಗೆ ಮೊದಲ ಮದ್ದೇ ತೊಡೆಯ ಬಲ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ಮುಂದಕ್ಕೆ ನೇರ ಚಾಚಿ ಐದು ಎಣಿಸಿ ಇಳಿಸುವುದರಿಂದ ಶುರು ಮಾಡಿ, ಒಂದೊಂದು ಕಾಲಿಗೆ ಹತ್ತು ಸಲ. ನೋವು ಅಭ್ಯಾಸದ ಮರುದಿನಕ್ಕೆ ಮೊದಲಿನಷ್ಟಕ್ಕೇ ಇಳಿದಿದ್ದರೆ ಮುಂದುವರಿಸಬಹುದು.

ಮನೆಯ ಮಕ್ಕಳಿಗೂ ಎರಡು ಮಾತು. "ನೀವು ಕೂತಿರಿ, ನಾವು ತರುತ್ತೇವೆ" ಎಂಬ ಪ್ರೀತಿಯಿಂದ ಅಪ್ಪ-ಅವ್ವನ ಕಾಲಿನ ಬಲ ಹೋಗುತ್ತದೆ. ನೀರಿನ ಲೋಟಕ್ಕೆ, ಪೇಪರಿಗೆ, ಮೊಬೈಲ್ ಚಾರ್ಜರಿಗೆ ಅವರೇ ಏಳಲಿ. ಬಸ್ಸಿನಲ್ಲಿ ಹೋಗುವ ಅವ್ವ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಲಿ, ಹೆಂಗಸರಿಗೆ ಟಿಕೆಟ್ ಖರ್ಚಂತೂ ಇಲ್ಲ.

ಜ್ವರ ಬಂದು ಮಲಗಿದ ಮೇಲೆ ಮರಳಿ ಶುರು ಮಾಡುವುದು ಹೇಗೆ ಎಂದು ಅನೇಕರು ಕೇಳುತ್ತಾರೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿದ್ದಕ್ಕೆ ಕಾಲುಗಳಿಂದ ಒಂದು ಕಿಲೋದಷ್ಟು ಸ್ನಾಯು ಕಳೆದುಕೊಂಡಿದ್ದರು. ಆದ್ದರಿಂದ ವಿಶ್ರಾಂತಿ ಎಂದರೆ ದಿನವಿಡೀ ಮಲಗುವುದಲ್ಲ. ವೈದ್ಯರು ಬೇಡ ಎನ್ನದಿದ್ದರೆ, ಆಸ್ಪತ್ರೆಯಲ್ಲಿದ್ದರೂ ಊಟಕ್ಕೆ ಎದ್ದು ಕೂರಿ, ಮಲಗಿದಲ್ಲೇ ಪಾದ ಆಡಿಸಿ, ತೊಡೆ ಬಿಗಿದು ಐದು ಎಣಿಸಿ ಸಡಿಲ ಬಿಡಿ. ಜ್ವರ ಬಿಟ್ಟು ಎರಡು ದಿನ ಕಳೆದ ಮೇಲೆ, ಮೊದಲು ಮಾಡುತ್ತಿದ್ದುದರ ಅರ್ಧದಿಂದ ಶುರು ಮಾಡಿ. ಕುರ್ಚಿಯ ಮೇಲೆ ಮತ್ತೆ ಕೌದಿ ಹಾಕಿಕೊಂಡು ನಾಲ್ಕು ಸಲ ಎದ್ದರೂ ಸರಿ. ಮೊದಲಿನ ಸಂಖ್ಯೆಗೆ ಬರುವವರೆಗೆ ಭಾರ ಸೇರಿಸಬೇಡಿ.